ಗಡಿಗಲ್ಲು ಮತ್ತು ಇಂಗಾಲ: ಬ್ರೆಜಿಲ್ ಸಂವಿಧಾನದ 231ನೇ ವಿಧಿಗೆ ಒಂದು ವ್ಯಾಖ್ಯಾನ

ಕಾಡು ಕಡಿಯುವುದನ್ನು ತಡೆದರೆ ಗಾಳಿಗೆ ಸೇರುವ ಇಂಗಾಲ ತಗ್ಗುತ್ತದೆ, ಹಾಗೆ ತಗ್ಗಿಸಿದ್ದಕ್ಕೆ ಸಿಗುವ ದುಡ್ಡಿನಿಂದ ಕಾಡಿನೊಳಗಿನವರ ಬಡತನವೂ ನೀಗುತ್ತದೆ ಎಂಬ ಮಾತು ಹವಾಮಾನ ಸಮ್ಮೇಳನಗಳಲ್ಲಿ ಇಪ್ಪತ್ತು ವರ್ಷಗಳಿಂದ ಕೇಳಿಬರುತ್ತಿದೆ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಪಪುವಾ ನ್ಯೂಗಿನಿ ಮತ್ತು ಕೋಸ್ಟರಿಕಾ ಇದನ್ನು ಪ್ರಸ್ತಾಪಿಸಿದವು. ಮುಂದೆ ಅದಕ್ಕೆ ರೆಡ್ ಪ್ಲಸ್ ಎಂದು ಹೆಸರಾಯಿತು, 2015ರ ಪ್ಯಾರಿಸ್ ಒಪ್ಪಂದದ ಐದನೇ ವಿಧಿಯಲ್ಲಿ ಜಾಗವೂ ಸಿಕ್ಕಿತು. ಈ ವಿಷಯ ತಿಳಿಯಬೇಕೆನ್ನುವವರು ಸಾಮಾನ್ಯವಾಗಿ ಆ ಒಪ್ಪಂದಗಳನ್ನು ಓದುತ್ತಾರೆ. ನಾನು ಇಲ್ಲಿ ಎತ್ತಿಕೊಂಡಿರುವುದು ಅವಕ್ಕಿಂತ ಹಳೆಯ, ಇಂಗಾಲದ ಸುದ್ದಿಯೇ ಇಲ್ಲದ ಒಂದು ಪಠ್ಯವನ್ನು: 1988ರ ಅಕ್ಟೋಬರ್ 5ರಂದು ಜಾರಿಗೆ ಬಂದ ಬ್ರೆಜಿಲ್ ಸಂವಿಧಾನದ 231ನೇ ವಿಧಿ. ಅಮೆಜಾನಿನ ಮೂಲನಿವಾಸಿಗಳ ನೆಲದಲ್ಲಿ ಮರ ನಿಲ್ಲುವುದು, ಬೀಳುವುದು ಎರಡೂ ಈ ವಿಧಿ ಅಲ್ಲಿ ಎಷ್ಟು ನಡೆಯುತ್ತದೆ ಎಂಬುದರ ಮೇಲಿದೆ ಎನ್ನುವುದು ನನ್ನ ಓದು.

ವಿಧಿ ಸುಮ್ಮನೆ ಬಂದದ್ದಲ್ಲ. ಸಂವಿಧಾನ ಸಭೆ ಕೂತಿದ್ದಾಗ, 1987ರ ಸೆಪ್ಟೆಂಬರಿನಲ್ಲಿ, ಅಯ್ಲ್ಟನ್ ಕ್ರೆನಾಕ್ ಎಂಬ ಮೂಲನಿವಾಸಿ ಯುವಕ ಬಿಳಿ ಸೂಟು ತೊಟ್ಟು ಬಂದು, ಮಾತಾಡುತ್ತಲೇ ಜೆನಿಪಾಪೊ ಕಾಯಿಯ ಕಪ್ಪನ್ನು ಮುಖಕ್ಕೆಲ್ಲ ಬಳಿದುಕೊಂಡ. ಕಯಪೊ ಜನ ಗರಿಯ ಕಿರೀಟ ತೊಟ್ಟು ಸಂಸತ್ತಿನ ಮೊಗಸಾಲೆಗಳಲ್ಲಿ ಓಡಾಡಿದರು. ಕೆಳಗೆ ಕೊಟ್ಟಿರುವ ಸಾಲುಗಳು ಆ ವಿಧಿಯ ಪೋರ್ಚುಗೀಸ್ ವಾಕ್ಯಗಳ ತಾತ್ಪರ್ಯ. ಅಕ್ಷರಶಃ ಅನುವಾದವೆಂದು ತಿಳಿಯಬೇಡಿ.

ಮೂಲನಿವಾಸಿಗಳ ಸಾಮಾಜಿಕ ವ್ಯವಸ್ಥೆ, ರೂಢಿ, ಭಾಷೆ, ನಂಬಿಕೆ, ಪರಂಪರೆಗಳನ್ನು ಮಾನ್ಯ ಮಾಡಲಾಗಿದೆ,

ಇದು ಪೀಠಿಕೆಯ ಮೊದಲ ತುಂಡು. ಅಲಂಕಾರದಂತೆ ಕಾಣುತ್ತದೆ, ಆದರೆ ಇದರ ಹಿಂದೆ ಒಂದು ಕಾನೂನಿನ ತರ್ಕ ಸತ್ತಿದೆ. ಸೈನ್ಯದ ಆಳ್ವಿಕೆಯಲ್ಲಿ, 1973ರಲ್ಲಿ ಬಂದ ಕಾಯ್ದೆ ಈ ಜನರನ್ನು ಪೋಷಕರ ಅಧೀನದಲ್ಲಿರುವ ಅಪ್ರಾಪ್ತರಂತೆ ನೋಡುತ್ತಿತ್ತು. ಇವತ್ತಲ್ಲ ನಾಳೆ ಉಳಿದ ಬ್ರೆಜಿಲಿನಲ್ಲಿ ಕರಗಿಹೋಗುವವರು, ಅಲ್ಲಿಯವರೆಗೆ ಸರ್ಕಾರವೇ ಅವರ ಪರವಾಗಿ ಸಹಿ ಹಾಕಬೇಕು ಎಂಬುದು ಅದರ ತರ್ಕ. 1988ರಲ್ಲಿ ಆ ತರ್ಕ ಬಿತ್ತು. ಮುಂದಿನ 232ನೇ ವಿಧಿ ಅವರೇ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು ಎಂದಿತು. ಇಂಗಾಲದ ಯಾವ ಒಪ್ಪಂದಕ್ಕೂ ಸಹಿ ಹಾಕುವ ಕೈ ಬೇಕು. ಆ ಕೈ ಬಂದದ್ದು ಇಲ್ಲಿಂದ.

ಹಾಗೆಯೇ ಅವರು ಪರಂಪರೆಯಿಂದ ನೆಲೆಸಿರುವ ಭೂಮಿಯ ಮೇಲಿನ ಅವರ ಮೂಲ ಹಕ್ಕುಗಳನ್ನು ಕೂಡ;

ಇಲ್ಲಿ ಹಕ್ಕನ್ನು ಕೊಡುತ್ತಿಲ್ಲ, ಮಾನ್ಯ ಮಾಡುತ್ತಿದ್ದಾರೆ. ರಾಜ್ಯ ಹುಟ್ಟುವ ಮೊದಲೇ ಇದ್ದ ಹಕ್ಕು, ಸರ್ಕಾರ ಗಡಿ ಹಾಕಲಿ ಬಿಡಲಿ ಅದು ಇದ್ದೇ ಇದೆ. ಜಮೀನ್ದಾರರ ವಕೀಲರು ಬಹಳ ವರ್ಷ ಹಣಿಯಲು ನೋಡಿದ್ದು ಇದನ್ನೇ. 1988ರ ಅಕ್ಟೋಬರ್ 5ರಂದು ನೀವು ಆ ನೆಲದ ಮೇಲೆ ಇದ್ದಿರಾ? ಇದ್ದರೆ ನಿಮ್ಮದು, ಇಲ್ಲದಿದ್ದರೆ ಇಲ್ಲ ಎನ್ನುವುದು ಅವರ ವಾದ. ಬಂದೂಕು ತೋರಿಸಿ ಓಡಿಸಿದ ಮೇಲೆ ‘ಆ ದಿನ ನೀವು ಮನೆಯಲ್ಲಿರಲಿಲ್ಲವಲ್ಲ’ ಎಂದು ಕೇಳುವ ಈ ವಾದವನ್ನು ಸಾಂತಾ ಕತರೀನಾ ರಾಜ್ಯದ ಶೊಕ್ಲೆಂಗ್ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ 9–2ರ ಬಹುಮತದಿಂದ ತಳ್ಳಿಹಾಕಿತು. ಅದೇ ವರ್ಷದ ಕೊನೆಗೆ ಸಂಸತ್ತು ಅದೇ ವಾದವನ್ನು ಕಾಯ್ದೆಯ ರೂಪದಲ್ಲಿ ಮತ್ತೆ ತಂದು, ಅಧ್ಯಕ್ಷ ಲೂಲಾ ಅವರ ನಿರಾಕರಣೆಯನ್ನೂ ಮೀರಿ ಪಾಸು ಮಾಡಿತು. ಮೂವತ್ತು ವರ್ಷದ ಇಂಗಾಲದ ಯೋಜನೆಗೆ ಕಾಲಡಿಯ ನೆಲ ಇಷ್ಟು ಅಲುಗಾಡುತ್ತಿದ್ದರೆ ಯಾರು ದುಡ್ಡು ಹಾಕುತ್ತಾರೆ?

ಆ ಭೂಮಿಯ ಗಡಿ ಗುರುತಿಸುವುದು, ಅದನ್ನು ಕಾಯುವುದು, ಅವರ ಎಲ್ಲ ಸ್ವತ್ತುಗಳನ್ನು ಇತರರು ಗೌರವಿಸುವಂತೆ ಮಾಡುವುದು ಒಕ್ಕೂಟದ ಹೊಣೆ.

ಇಡೀ ವಿಧಿಯ ಜೀವ ಇಲ್ಲಿದೆ. ಒಕ್ಕೂಟಕ್ಕೆ, ಅಂದರೆ ಕೇಂದ್ರ ಸರ್ಕಾರಕ್ಕೆ, ಮೂರು ಕೆಲಸ ಹೇಳಿದೆ. ಸರ್ಕಾರಗಳು ಮೊದಲನೆಯದನ್ನು ಅರ್ಧ ಮಾಡಿವೆ, ಎರಡನೆಯದನ್ನು ಮನಸ್ಸು ಬಂದಾಗ ಮಾಡುತ್ತವೆ.

ಗಡಿ ಗುರುತಿಸುವುದೆಂದರೆ ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸುಲಭವಲ್ಲ. ಮೊದಲು ಫುನಾಯಿ ಎಂಬ ಕೇಂದ್ರ ಸಂಸ್ಥೆಯ ಮಾನವಶಾಸ್ತ್ರಜ್ಞರು ಅಧ್ಯಯನ ಮಾಡಬೇಕು, ಆಕ್ಷೇಪಣೆ ಕೇಳಬೇಕು, ಮಂತ್ರಿ ಘೋಷಿಸಬೇಕು, ಕಾಡಿನೊಳಗೆ ಹೋಗಿ ಗುರುತುಗಲ್ಲು ನೆಡಬೇಕು, ಅಧ್ಯಕ್ಷರು ಅಂಕಿತ ಹಾಕಬೇಕು, ಆಮೇಲೆ ನೋಂದಣಿ. ಎಲ್ಲವೂ ಐದು ವರ್ಷದಲ್ಲಿ ಮುಗಿಯಬೇಕೆಂದು ಇದೇ ಸಂವಿಧಾನದ ತಾತ್ಕಾಲಿಕ ನಿಯಮಗಳು ಹೇಳಿದ್ದವು, ಅಂದರೆ 1993ಕ್ಕೆ. ಇನ್ನೂ ಮುಗಿದಿಲ್ಲ. 2019ರಿಂದ 2022ರವರೆಗೆ, ಬೋಲ್ಸೊನಾರೊ ಕಾಲದಲ್ಲಿ, ಒಂದೇ ಒಂದು ಅಂಕಿತವೂ ಬೀಳಲಿಲ್ಲ.

ಅಂಕಿತದಿಂದ ಕಾಡಿಗೇನು? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು 2020ರಲ್ಲಿ. ಕ್ಯಾಥರಿನ್ ಬರಗ್ವಾನಾಥ್ ಮತ್ತು ಎಲಾ ಬಾಯಿ ಎಂಬ ಸಂಶೋಧಕರು ಗಡಿಯ ಒಳಗಿನ ಮತ್ತು ಹೊರಗಿನ ಕಾಡನ್ನು ಉಪಗ್ರಹದ ಚಿತ್ರಗಳಲ್ಲಿ ಹೋಲಿಸಿ ನೋಡಿದರು. ಅಧ್ಯಕ್ಷರ ಅಂಕಿತ ಬಿದ್ದು ಹಕ್ಕು ಪೂರ್ಣವಾದ ಮೇಲೆ ಒಳಗಿನ ಅರಣ್ಯನಾಶ ಸ್ಪಷ್ಟವಾಗಿ ಇಳಿಯುತ್ತದೆ. ಪ್ರಕ್ರಿಯೆ ನಡುದಾರಿಯಲ್ಲಿರುವ ಜಾಗಗಳಲ್ಲಿ ಆ ಇಳಿತ ಕಾಣುವುದಿಲ್ಲ. ಕಡತ ಮೇಜಿನ ಮೇಲಿದ್ದಷ್ಟು ದಿನ ಒತ್ತುವರಿದಾರನಿಗೆ ಆಸೆ ಇರುತ್ತದೆ, ಸಹಿ ಬಿದ್ದ ದಿನ ಆ ಜಮೀನು ಅವನಿಗೆ ಮಾರಲಾಗದ ಸರಕಾಗುತ್ತದೆ. ಹೊಗೆ ತಗ್ಗಿಸಲು ಇಷ್ಟು ಅಗ್ಗದ ಉಪಾಯ ಬೇರೆ ಇರಲಾರದು.

ಕಾಯುವ ವಿಷಯ ಬೇರೆ. ಯನೊಮಾಮಿ ಜನರ 96 ಲಕ್ಷ ಹೆಕ್ಟೇರ್ ನೆಲಕ್ಕೆ 1992ರಲ್ಲೇ ಅಂಕಿತ ಬಿದ್ದಿದೆ. ಆದರೂ ಚಿನ್ನ ತೋಡುವವರು ಸಾವಿರಗಟ್ಟಲೆ ನುಗ್ಗಿದರು. ಮಲೇರಿಯ, ಹಸಿವು, ಪಾದರಸ ಸೇರಿ ಮಕ್ಕಳು ಎಲುಬುಗೂಡಾದ ಚಿತ್ರಗಳು ಹೊರಬಂದು, 2023ರ ಜನವರಿಯಲ್ಲಿ ಸರ್ಕಾರ ಆರೋಗ್ಯದ ತುರ್ತುಸ್ಥಿತಿ ಸಾರಬೇಕಾಯಿತು. ಕಾಗದ ಪಕ್ಕಾ ಇತ್ತು, ಕಾವಲು ಇರಲಿಲ್ಲ. ಮರಾನ್ಯಾಂವ್ ರಾಜ್ಯದ ಅರರಿಬೊಯಾದಲ್ಲಿ ಗುವಾಜಜಾರ ಜನ ತಾವೇ ಕಾವಲು ಪಡೆ ಕಟ್ಟಿಕೊಂಡರು, ಅವರಲ್ಲಿ ಒಬ್ಬ ತರುಣ 2019ರ ನವೆಂಬರಿನಲ್ಲಿ ಗುಂಡೇಟಿಗೆ ಸತ್ತ. ಸರ್ಕಾರದ ಕೆಲಸವನ್ನು ಬಡವರು ಸಂಬಳವಿಲ್ಲದೆ, ಪ್ರಾಣ ಒತ್ತೆಯಿಟ್ಟು ಮಾಡುತ್ತಿರುವುದನ್ನು ‘ಸಮುದಾಯದ ಸಹಭಾಗಿತ್ವ’ ಎಂದು ವರದಿಗಳಲ್ಲಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಂದು: ಅವರು ಶಾಶ್ವತವಾಗಿ ವಾಸಿಸುವ, ದುಡಿಮೆಗೆ ಬಳಸುವ, ಅವರ ಕ್ಷೇಮಕ್ಕೆ ಬೇಕಾದ ಪರಿಸರ ಸಂಪತ್ತನ್ನು ಉಳಿಸಲು ಅತ್ಯಗತ್ಯವಾದ, ಅವರ ಸಂತತಿ ಮತ್ತು ಸಂಸ್ಕೃತಿ ಮುಂದುವರಿಯಲು ಬೇಕಾದ ಭೂಮಿಯೇ ಪರಂಪರೆಯಿಂದ ನೆಲೆಸಿದ ಭೂಮಿ.

ಗುಡಿಸಲು ಇದ್ದಷ್ಟೇ ಜಾಗ ಅಲ್ಲ ಎಂಬುದು ಇದರ ಸಾರ. ಮರಗೆಣಸಿನ ಹೊಲ, ಹತ್ತಿಪ್ಪತ್ತು ವರ್ಷ ಬೀಳು ಬಿಟ್ಟು ಮತ್ತೆ ಕಾಡಾದ ಹಳೆಯ ಹೊಲ, ಬೇಟೆಯ ಹಾದಿ, ಮೀನಿನ ಮಡು, ಹೂತ ಹಿರಿಯರ ನೆಲ ಎಲ್ಲವೂ ಒಳಗೆ. ಹಾಗಾಗಿಯೇ ಈ ಪ್ರದೇಶಗಳು ದೊಡ್ಡವು: ಬ್ರೆಜಿಲಿನ ಅಮೆಜಾನ್ ಪ್ರಾಂತ್ಯದ ಸುಮಾರು ಐದನೇ ಒಂದು ಭಾಗಕ್ಕೂ ಹೆಚ್ಚು. ‘ಇಷ್ಟು ಕಡಿಮೆ ಜನಕ್ಕೆ ಇಷ್ಟೊಂದು ಭೂಮಿ ಯಾಕೆ’ ಎಂದು ಕೇಳುವವರಿಗೆ ಉಪಗ್ರಹವೇ ಉತ್ತರ ಕೊಟ್ಟಿದೆ. ಮ್ಯಾಪ್‌ಬಯೋಮಾಸ್ ಎಂಬ ಬ್ರೆಜಿಲಿನ ಸಂಶೋಧನಾ ಜಾಲದ ಲೆಕ್ಕದಂತೆ 1990ರಿಂದ 2020ರವರೆಗೆ ಮೂಲನಿವಾಸಿಗಳ ಪ್ರದೇಶಗಳು ಕಳೆದುಕೊಂಡ ಸಹಜ ಸಸ್ಯಸಂಪತ್ತು ಶೇ 1ರಷ್ಟು, ಖಾಸಗಿ ಜಮೀನುಗಳು ಕಳೆದುಕೊಂಡದ್ದು ಶೇ 20ಕ್ಕಿಂತ ಹೆಚ್ಚು.

ಇಲ್ಲೇ ಇಂಗಾಲದ ಮಾರುಕಟ್ಟೆಯ ಒಂದು ವಕ್ರತೆ ಹೇಳಬೇಕು. ದಟ್ಟ ಅಮೆಜಾನ್ ಕಾಡಿನ ಒಂದು ಹೆಕ್ಟೇರಿನಲ್ಲಿ ನೂರು ಟನ್ನಿಗೂ ಮೀರಿ ಇಂಗಾಲ ಕೂತಿರುತ್ತದೆ. ಸುಟ್ಟರೆ ಒಂದೊಂದು ಟನ್ನೂ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆದರೆ ಮಾರುಕಟ್ಟೆ ದುಡ್ಡು ಕೊಡುವುದು ನಿಂತ ಇಂಗಾಲಕ್ಕಲ್ಲ, ತಪ್ಪಿಸಿದ ಹೊಗೆಗೆ. ಯೋಜನೆ ಇಲ್ಲದಿದ್ದರೆ ಎಷ್ಟು ಕಾಡು ಹೋಗುತ್ತಿತ್ತು ಎಂದು ಮೊದಲು ಊಹಿಸಬೇಕು, ನಿಜವಾಗಿ ಹೋದದ್ದನ್ನು ಅದರಿಂದ ಕಳೆಯಬೇಕು, ಉಳಿದದ್ದು ಕ್ರೆಡಿಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ. ತಲೆಮಾರುಗಳಿಂದ ಮರ ಮುಟ್ಟದವರ ಬಳಿ ಕಳೆಯಲು ಏನೂ ಇಲ್ಲ, ಆದ್ದರಿಂದ ಮಾರಲೂ ಏನೂ ಇಲ್ಲ. ಕಡಿಯುವ ಬೆದರಿಕೆ ಇದ್ದವನಿಗೇ ಬೆಲೆ. 2025ರ ನವೆಂಬರಿನಲ್ಲಿ ಬೆಲೆಂ ಹವಾಮಾನ ಸಮ್ಮೇಳನದಲ್ಲಿ ಬ್ರೆಜಿಲ್ ಚಾಲನೆ ಕೊಟ್ಟ ಉಷ್ಣವಲಯದ ಕಾಡುಗಳ ನಿಧಿ ಇದನ್ನು ತಿದ್ದಲು ಹೊರಟಿದೆ: ನಿಂತ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ನಾಲ್ಕು ಡಾಲರ್, ಅದರಲ್ಲಿ ಶೇ 20 ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ. ನಾಲ್ಕು ಡಾಲರಿಗೆ ಸೋಯಾ ಬೆಳೆಯುವವನು ಬೆದರುವುದಿಲ್ಲ, ಆದರೆ ದಿಕ್ಕು ಸರಿಯಾಗಿದೆ.

ಎರಡು: ಈ ಭೂಮಿ ಅವರ ಶಾಶ್ವತ ಸ್ವಾಧೀನಕ್ಕೆ ಮೀಸಲು, ಅಲ್ಲಿನ ನೆಲ, ನದಿ, ಕೆರೆಗಳ ಸಂಪತ್ತಿನ ಫಲಾನುಭವ ಅವರೊಬ್ಬರದೇ.

ಭೂಮಿಯ ಒಡೆತನ ಒಕ್ಕೂಟದ್ದು, ಅನುಭವಿಸುವ ಹಕ್ಕು ಸಮುದಾಯದ್ದು. ಬ್ರೆಜಿಲ್ ನಟ್ಟು ಆರಿಸಬಹುದು, ಮೀನು ಹಿಡಿಯಬಹುದು, ಬೆಳೆದು ಮಾರಬಹುದು. ಮರದೊಳಗಿನ, ಕಣ್ಣಿಗೆ ಕಾಣದ ಇಂಗಾಲ? 1988ರಲ್ಲಿ ಯಾರೂ ಕೇಳದ ಈ ಪ್ರಶ್ನೆಯನ್ನು ರೊಂಡೋನಿಯಾ ರಾಜ್ಯದ ಪಯ್ತೆರ್ ಸುರುಯಿ ಜನ ಎತ್ತಿದರು.

ಅವರ ಪ್ರದೇಶದ ಹೆಸರು ಸೆಟೆ ದೆ ಸೆಟೆಂಬ್ರೊ, ಸುಮಾರು 2,48,000 ಹೆಕ್ಟೇರ್. ಹೆಸರಿನ ಅರ್ಥ ಸೆಪ್ಟೆಂಬರ್ ಏಳು. 1969ರಲ್ಲಿ ಅದೇ ದಿನ ಹೊರಗಿನವರೊಡನೆ ಅವರ ಮೊದಲ ಅಧಿಕೃತ ಭೇಟಿಯಾಯಿತು. ಆಮೇಲಿನ ಕೆಲವೇ ವರ್ಷಗಳಲ್ಲಿ ದಡಾರ, ಕ್ಷಯಗಳಿಗೆ ಬಹುಪಾಲು ಜನ ಬಲಿಯಾದರು. ಬಿಆರ್ 364 ಹೆದ್ದಾರಿ ಬಂತು, ವಲಸಿಗರು ಬಂದರು, ಕಾಡಿನಂಚಿನಲ್ಲಿ ಕಕೊಅಲ್ ಪಟ್ಟಣ ಬೆಳೆಯಿತು. ಔಷಧಿಗೆ, ಬಟ್ಟೆಗೆ, ಓಡಾಟಕ್ಕೆ ದುಡ್ಡು ಬೇಕಾಯಿತು, ಆದರೆ ದುಡ್ಡಿನ ದಾರಿ ಒಂದೇ ಇತ್ತು. ಎಂಬತ್ತರ ದಶಕದ ಕೊನೆಯಿಂದ ಕೆಲವು ಮುಖಂಡರು ಮರದ ವ್ಯಾಪಾರಿಗಳಿಗೆ ಮಹಾಗನಿ ಕೊಟ್ಟರು. ಇದನ್ನು ಮುಚ್ಚಿಟ್ಟು ಕಾಡಿನ ಜನರನ್ನು ಋಷಿಗಳಂತೆ ಚಿತ್ರಿಸುವ ಬರಹಗಳು ಅವರಿಗೆ ಉಪಕಾರ ಮಾಡುವುದಿಲ್ಲ. ಬಡತನ ಹೇಗೆ ಮರ ಕಡಿಸುತ್ತದೆ ಎಂದು ಸುರುಯಿಗಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಮುಖಂಡ ಅಲ್ಮಿರ್ ನರಯಮೊಗ ಸುರುಯಿ 2007ರಲ್ಲಿ ಗೂಗಲ್ ಕಚೇರಿಗೆ ಹೋಗಿ ತಮ್ಮ ನೆಲದ ನಕ್ಷೆಗೆ ನೆರವು ಕೇಳಿದರು. ಇಂಗಾಲ ಆ ಜನರ ಫಲಾನುಭವದ ಹಕ್ಕಿನೊಳಗೇ ಬರುತ್ತದೆ ಎಂದು ವಕೀಲರ ಸಂಸ್ಥೆಯೊಂದು ಅಭಿಪ್ರಾಯ ಬರೆದುಕೊಟ್ಟಿತು. ಸುರುಯಿಗಳೇ ಕಾಡೊಳಗೆ ಹೋಗಿ ಮರಗಳ ಸುತ್ತಳತೆ ತೆಗೆದರು. ಅವರ ಇಂಗಾಲದ ಯೋಜನೆಗೆ 2012ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, 2013ರಲ್ಲಿ ನತುರಾ ಎಂಬ ಬ್ರೆಜಿಲಿನ ಸೌಂದರ್ಯವರ್ಧಕ ಕಂಪನಿ 1,20,000 ಟನ್ನಿನ ಕ್ರೆಡಿಟ್ ಕೊಂಡಿತು. ಮೂಲನಿವಾಸಿಗಳೇ ಮುಂದೆ ನಿಂತು ನಡೆಸಿದ ಇಂಥ ಯೋಜನೆ ಜಗತ್ತಿನಲ್ಲಿ ಅದೇ ಮೊದಲು ಎಂದು ಎಲ್ಲೆಡೆ ಬರೆದರು.

ಇದೇ ಹೊತ್ತಿನಲ್ಲಿ ಇನ್ನೊಂದು ಬಗೆಯ ಕಾಗದವೂ ಓಡಾಡುತ್ತಿತ್ತು. 2012ರಲ್ಲಿ ಒಂದು ಐರಿಷ್ ಕಂಪನಿ ಮುಂಡುರುಕು ಜನರೊಡನೆ ಮಾಡಿಕೊಂಡಿದ್ದ ಒಪ್ಪಂದ ಬಯಲಾಯಿತು. ಮೂವತ್ತು ವರ್ಷಕ್ಕೆ 12 ಕೋಟಿ ಡಾಲರ್, ಅದಕ್ಕೆ ಬದಲಾಗಿ ಕಂಪನಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಬೇಸಾಯ ಮಾಡುವಂತಿಲ್ಲ. ಫಲಾನುಭವದ ಹಕ್ಕನ್ನೇ ಬರೆದುಕೊಟ್ಟಂತೆ! ಇದಕ್ಕೆ ಕಾನೂನಿನ ಬೆಲೆಯಿಲ್ಲ ಎಂದು ಫುನಾಯಿ ಹೇಳಿತು. ಇಂಗಾಲದ ಹಕ್ಕು ಅವರದೇ ಎಂಬುದು ಕಾನೂನಿನ ಮಾತಾಗಲು 2024ರ ಡಿಸೆಂಬರ್ ಬರಬೇಕಾಯಿತು. ಆ ತಿಂಗಳು ಅಂಕಿತವಾದ 15,042ನೇ ಕಾಯ್ದೆ, ತಮ್ಮ ನೆಲದ ಕ್ರೆಡಿಟ್ಟುಗಳನ್ನು ಮಾರುವ ಹಕ್ಕನ್ನು ಮೂಲನಿವಾಸಿಗಳಿಗೆ ಮಾನ್ಯ ಮಾಡಿದೆ.

ಸುರುಯಿಗಳ ಕೈಗೆ ನಿಯಮಿತವಾಗಿ ದುಡ್ಡು ತರುತ್ತಿರುವುದು ಮಾತ್ರ ಹೆಚ್ಚು ಸಾಧಾರಣವಾದ ಒಂದು ಬೆಳೆ. ಒಳನುಗ್ಗಿದ ವಲಸಿಗರನ್ನು ಎಂಬತ್ತರ ದಶಕದಲ್ಲಿ ಹೊರಹಾಕಿದಾಗ ಅವರು ನೆಟ್ಟಿದ್ದ ಕಾಫಿಗಿಡ ಅಲ್ಲೇ ಉಳಿದವು. ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ ರೊಬಸ್ಟಾ. ಶತ್ರುವಿನ ಬೆಳೆ ಎಂದು ಕೆಲವರು ಕಡಿದು ಹಾಕಿದರು, ಉಳಿದವರು ಸಾಕಿದರು. 2019ರಿಂದ ಬ್ರೆಜಿಲಿನ ದೊಡ್ಡ ಕಾಫಿ ಕಂಪನಿಯೊಂದು ಅದನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಿದೆ. ಈ ಹಾದಿಗೆ ಪ್ರಮಾಣಪತ್ರದ ಲೆಕ್ಕಿಗರು ಬೇಕಿಲ್ಲ.

ಮೂರು: ಅಲ್ಲಿ ಜಲಸಂಪತ್ತು, ಜಲವಿದ್ಯುತ್ತು, ಖನಿಜಗಳನ್ನು ಬಳಸಬೇಕಾದರೆ ಬಾಧಿತ ಸಮುದಾಯಗಳ ಮಾತು ಕೇಳಿ, ಸಂಸತ್ತಿನ ಒಪ್ಪಿಗೆ ಪಡೆಯಬೇಕು, ಗಣಿಯ ಉತ್ಪತ್ತಿಯಲ್ಲಿ ಅವರಿಗೆ ಪಾಲು ಕೊಡಬೇಕು.

ಮೇಲಿನ ಸಾಲು ಕೊಟ್ಟದ್ದಕ್ಕೆ ಇಲ್ಲೊಂದು ಬಾಗಿಲು ತೆರೆದಿದ್ದಾರೆ. ನೆಲದ ಮೇಲಿನದು ಅವರದು, ನೆಲದಡಿಯದು ಒಕ್ಕೂಟದ್ದು. ಶಿಂಗು ನದಿಯ ಬೆಲೊ ಮಾಂಟೆ ಅಣೆಕಟ್ಟಿನ ಕಥೆ ಈ ಸಾಲಿಗೆ ಬರೆದ ಕರಾಳ ಟೀಕೆ. 2005ರಲ್ಲಿ ಸಂಸತ್ತು ಮೊದಲು ಒಪ್ಪಿಗೆ ಕೊಟ್ಟಿತು, ಜನರನ್ನು ಕೇಳುವುದು ಆಮೇಲೆ ಎಂದಿತು. 2012ರಲ್ಲಿ ಪ್ರಾಂತೀಯ ನ್ಯಾಯಾಲಯ ಇದು ತಲೆಕೆಳಗು ಎಂದು ಕೆಲಸ ನಿಲ್ಲಿಸಿತು, ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಮತ್ತೆ ಶುರುವಾಯಿತು. 2016ರಲ್ಲಿ ವಿದ್ಯುತ್ತು ಹರಿಯಿತು. ಶಿಂಗು ನದಿಯ ದೊಡ್ಡ ತಿರುವಿನಲ್ಲಿ ನೀರು ಇಂಗಿ, ಮೀನು ನಂಬಿದ್ದ ಯುಡ್ಜಾ ಮತ್ತು ಅರಾರ ಜನ ಅಂಗಡಿಯ ಕೋಳಿ ಕೊಳ್ಳುವ ಸ್ಥಿತಿಗೆ ಬಂದರು. ಅಂಕಿಅಂಶದ ಪ್ರಕಾರ ಅದು ಶುದ್ಧ ವಿದ್ಯುತ್ತು. ಆ ಅಣೆಕಟ್ಟಿನ ಲಾಭದಲ್ಲಿ ಅವರಿಗೆ ಪಾಲು ಸಲ್ಲಬೇಕೆಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫ್ಲಾವಿಯೊ ಡಿನೊ ಆದೇಶ ಮಾಡಿದ್ದು 2025ರಲ್ಲಿ.

ನಾಲ್ಕು: ಈ ಭೂಮಿಯನ್ನು ಪರಭಾರೆ ಮಾಡಲಾಗದು, ಇದರ ಮೇಲಿನ ಹಕ್ಕುಗಳು ಕಾಲ ಕಳೆದಂತೆ ಲುಪ್ತವಾಗವು.

ಮಾರುವಂತಿಲ್ಲ, ಅಡವಿಡುವಂತಿಲ್ಲ. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯೂ ಇದೇ ಜಾಡಿನದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಅಭಯಾರಣ್ಯದೊಳಗೇ ಸಿಕ್ಕಿದ ಸಮುದಾಯ ಹಕ್ಕು ಕೂಡ ಮಾರುಕಟ್ಟೆಗೆ ಬರುವಂಥದ್ದಲ್ಲ. ಬ್ಯಾಂಕು ಇಂಥ ನೆಲದ ಮೇಲೆ ಸಾಲ ಕೊಡುವುದಿಲ್ಲ, ಆದ್ದರಿಂದ ಬಡತನ ಹೋಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ದೂರುತ್ತಾರೆ. ಸಾಲ ಸಿಗದ್ದು ನಿಜ. ಆದರೆ ಅಡವಿಡುವ ಹಕ್ಕಿದ್ದ ಪಕ್ಕದ ಸಣ್ಣ ರೈತರ ಎಷ್ಟು ಜಮೀನು ಇವತ್ತು ಸೋಯಾ ದೊರೆಗಳ ಕೈಯಲ್ಲಿದೆ ಎಂದು ನೋಡಿದರೆ ಈ ತಡೆ ಯಾಕೆ ಬೇಕೆಂದು ತಿಳಿಯುತ್ತದೆ.

ಐದು: ದುರಂತ, ಸಾಂಕ್ರಾಮಿಕ ರೋಗ, ರಾಷ್ಟ್ರದ ಸಾರ್ವಭೌಮತೆಯ ಸಂದರ್ಭ ಬಿಟ್ಟು ಅವರನ್ನು ಅವರ ಭೂಮಿಯಿಂದ ತೆಗೆಯುವಂತಿಲ್ಲ, ಅಪಾಯ ಕಳೆದೊಡನೆ ಮರಳಿಸಬೇಕು.

ಇದನ್ನು ಬರೆದವರ ಕಣ್ಣ ಮುಂದೆ ಪನರಾ ಜನ ಇದ್ದಿರಬೇಕು. 1973ರಲ್ಲಿ ಹೆದ್ದಾರಿ ಬಂತು, ಅದರೊಡನೆ ಹೊರಗಿನವರ ರೋಗಗಳೂ ಬಂದವು. 1975ರಲ್ಲಿ ಬದುಕುಳಿದ 79 ಮಂದಿಯನ್ನು ವಿಮಾನದಲ್ಲಿ ಶಿಂಗು ಪಾರ್ಕ್ ಎಂಬ ಬೇರೊಂದು ಮೂಲನಿವಾಸಿ ಪ್ರದೇಶಕ್ಕೆ ಸಾಗಿಸಿದರು.

ಆರು: ಈ ಭೂಮಿಯನ್ನು ಆಕ್ರಮಿಸಲು, ಕೊಳ್ಳಲು, ಅದರ ಸಂಪತ್ತನ್ನು ಬಳಸಲು ಮಾಡಿಕೊಂಡ ಪತ್ರಗಳೆಲ್ಲ ಅಸಿಂಧು, ಸದ್ಭಾವನೆಯಿಂದ ಮಾಡಿದ ಸುಧಾರಣೆಗಳಿಗೆ ಬಿಟ್ಟು ಬೇರೆ ಪರಿಹಾರವಿಲ್ಲ.

ಕಾಗದದ ಮೇಲೆ ಇದಕ್ಕಿಂತ ಖಾರವಾದ ಸಾಲು ಈ ವಿಧಿಯಲ್ಲಿಲ್ಲ. ಆಚರಣೆಯಲ್ಲಿ ಎಷ್ಟು ನಿಧಾನ ಎಂಬುದಕ್ಕೆ ಮಾತೊ ಗ್ರೊಸೊ ರಾಜ್ಯದ ಮರಾಯ್ವತ್ಸೆದೆ ಸಾಕ್ಷಿ. 1966ರಲ್ಲಿ ಶವಾಂಚೆ ಜನರನ್ನು ವಾಯುಪಡೆಯ ವಿಮಾನಗಳಲ್ಲಿ ತುಂಬಿ ದೂರದ ಮಿಷನ್ನಿಗೆ ಸಾಗಿಸಿದರು, ಅಲ್ಲಿ ದಡಾರಕ್ಕೆ ಹತ್ತಾರು ಜನ ಸತ್ತರು. ಅವರ ನೆಲ ಸುಯಾ ಮಿಸ್ಸು ಎಂಬ ದೈತ್ಯ ಜಾನುವಾರು ಎಸ್ಟೇಟ್ ಆಯಿತು, ಮುಂದೆ ಇಟಲಿಯ ತೈಲ ಕಂಪನಿಯ ಕೈಸೇರಿತು. 1992ರ ರಿಯೊ ಭೂಶೃಂಗದ ಹೊತ್ತಿಗೆ ಕಂಪನಿ ನೆಲ ಮರಳಿಸುತ್ತೇನೆಂದಿತು. ಮಾತು ಹೊರಬಿದ್ದದ್ದೇ ತಡ, ಸ್ಥಳೀಯ ರಾಜಕಾರಣಿಗಳು, ರೈತರು ನುಗ್ಗಿ ಹಂಚಿಕೊಂಡರು. 1998ರಲ್ಲಿ 1,65,241 ಹೆಕ್ಟೇರಿಗೆ ಅಧ್ಯಕ್ಷರ ಅಂಕಿತ ಬಿತ್ತು, ಒಳಗಿದ್ದವರು ಜಗ್ಗಲಿಲ್ಲ. ಶವಾಂಚೆಗಳು ತಿಂಗಳುಗಟ್ಟಲೆ ಹೆದ್ದಾರಿ ಬದಿಯ ಗುಡಾರಗಳಲ್ಲಿ ಕಾದು, 2004ರಲ್ಲಿ ನ್ಯಾಯಾಲಯದ ಆದೇಶ ಹಿಡಿದು ಒಂದು ಮೂಲೆಗೆ ಕಾಲಿಟ್ಟರು. ಸೇನೆ, ಪೊಲೀಸರು ಬಂದು ಒತ್ತುವರಿದಾರರನ್ನು ತೆರವು ಮಾಡಿದ್ದು 2012ರ ಕೊನೆಗೆ.

ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು ಹುಲ್ಲುಗಾವಲಾಗಿತ್ತು. ಅಮೆಜಾನಿನಲ್ಲಿ ಅತಿ ಹೆಚ್ಚು ನಾಶವಾದ ‘ಮೂಲನಿವಾಸಿ ಪ್ರದೇಶ’ ಎಂದು ಪಟ್ಟಿಗಳಲ್ಲಿ ಅದರ ಹೆಸರು ಬರುತ್ತದೆ. ಕಡಿದವರು ಯಾರು ಎಂಬ ಕಾಲಂ ಆ ಪಟ್ಟಿಗಳಲ್ಲಿ ಇರುವುದಿಲ್ಲ. ಈಗ ಅಲ್ಲಿನ ಶವಾಂಚೆ ಹೆಂಗಸರು ಕಾಡಿನ ಬೀಜ ಆಯ್ದು ಮಾರುತ್ತಾರೆ. 2007ರಲ್ಲಿ ಶುರುವಾದ ಶಿಂಗು ಬೀಜಜಾಲದಲ್ಲಿ ಅವರಂಥ ಐನೂರಕ್ಕೂ ಹೆಚ್ಚು ಮಂದಿ ಇದ್ದಾರೆ, ಹೆಚ್ಚಿನವರು ಹೆಂಗಸರು. ಹತ್ತಾರು ಬಗೆಯ ಬೀಜವನ್ನು ಮರಳಿನೊಡನೆ ಕಲಸಿ, ಮುವುಕ ಎಂಬ ಮಿಶ್ರಣ ಮಾಡಿ, ಬೋಳು ನೆಲಕ್ಕೆ ಬಿತ್ತುತ್ತಾರೆ. ಕೊಳ್ಳುವವರಲ್ಲಿ ಕಾನೂನಿನ ಒತ್ತಡದಿಂದ ಹೊಳೆಯಂಚಿನ ಕಾಡು ಮರಳಿ ಬೆಳೆಸಬೇಕಾದ ಎಸ್ಟೇಟ್ ಮಾಲೀಕರೂ ಇದ್ದಾರೆ.

ಏಳು: ಚಿನ್ನ ತೋಡುವವರ ಸಹಕಾರ ಸಂಘಗಳಿಗೆ ಆದ್ಯತೆ ಕೊಡುವ 174ನೇ ವಿಧಿಯ ಉಪವಿಧಿಗಳು ಇಲ್ಲಿಗೆ ಅನ್ವಯಿಸವು.

ಬಾಲದಂತೆ ಅಂಟಿಸಿದ ಸಾಲು. ಉಳಿದ ದೇಶದಲ್ಲಿ ಸಣ್ಣ ಗಣಿಗಾರರಿಗೆ ಸಂವಿಧಾನವೇ ಉತ್ತೇಜನ ಕೊಡುತ್ತದೆ, ಇಲ್ಲಿ ಕೊಡುವಂತಿಲ್ಲ. ಗಣಿಗಾರರು ಇದನ್ನು ಓದಿದವರಲ್ಲ. ತಪಜೋಸ್ ನದಿಯ ಮುಂಡುರುಕು ಹಳ್ಳಿಗಳಲ್ಲಿ ಫಿಯೊಕ್ರೂಜ್ ಆರೋಗ್ಯ ಸಂಸ್ಥೆ ತಲೆಗೂದಲು ಪರೀಕ್ಷಿಸಿದಾಗ ಪರೀಕ್ಷೆಗೆ ಬಂದ ಪ್ರತಿಯೊಬ್ಬರಲ್ಲೂ ಪಾದರಸ ಸಿಕ್ಕಿತು, ಹತ್ತರಲ್ಲಿ ಆರು ಮಂದಿಯಲ್ಲಿ ಸುರಕ್ಷಿತ ಮಿತಿಗಿಂತ ಹೆಚ್ಚು.

ಸುರುಯಿಗಳ ಇಂಗಾಲದ ಯೋಜನೆ ಮುಗ್ಗರಿಸಿದ್ದೂ ಇದೇ ಸಾಲಿನಲ್ಲಿ. ಅವರ ನೆಲದಲ್ಲಿ ಚಿನ್ನ, ವಜ್ರ ಕಂಡವು. ತೋಡುವವರು ಯಂತ್ರ ತಂದರು, ಮರಗಳ್ಳರು ಹಿಂದೆಯೇ ಬಂದರು, ಸಮುದಾಯದೊಳಗೂ ಕೆಲವರು ಅವರ ಜತೆ ಸೇರಿದರು. ಕ್ರೆಡಿಟ್ಟಿನ ದುಡ್ಡು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮುಗಿಸಿ ಸಂಘದ ಖಾತೆಗೆ ಬರಬೇಕು, ಚಿನ್ನದ ದುಡ್ಡು ಸಂಜೆಯೇ ಕೈಗೆ ಬರುತ್ತದೆ. ಯೋಜನೆಯನ್ನು ವಿರೋಧಿಸಿದ ಮುಖಂಡರೂ ಚರ್ಚಿನ ಸಂಘಟನೆಗಳೂ ಇದ್ದರು, ಹಂಚಿಕೆಯ ಬಗ್ಗೆ ಅವರ ದೂರುಗಳೆಲ್ಲ ಸುಳ್ಳೇನಲ್ಲ. ಅರಣ್ಯನಾಶ ಊಹೆಯ ಮಟ್ಟವನ್ನೂ ಮೀರಿದ ಮೇಲೆ ಮಾರಲು ಏನೂ ಉಳಿಯದೆ 2018ರಲ್ಲಿ ಯೋಜನೆ ನಿಂತಿತು. ಇಂಗಾಲದ ಬೆಲೆ ಬಿದ್ದದ್ದು, ಲೆಕ್ಕ ತಪ್ಪಿದ್ದು ಎಂದೆಲ್ಲ ವಿಶ್ಲೇಷಣೆಗಳು ಬಂದವು. ಅಲ್ಮಿರ್ ಮತ್ತು ಅವರ ಜನ ವರ್ಷಗಟ್ಟಲೆ ಫುನಾಯಿಗೂ ಕೇಂದ್ರ ಪೊಲೀಸರಿಗೂ ದೂರು ಕೊಡುತ್ತಲೇ ಬಂದಿದ್ದರು, ಬಂದ ಪೊಲೀಸರು ಯಂತ್ರ ಸುಟ್ಟು ಹೋದರೆ ಗಣಿಗಾರರು ಮತ್ತೆ ಬರುತ್ತಿದ್ದರು. 2024ರ ಕಾಯ್ದೆ ಕ್ರೆಡಿಟ್ ಮಾರುವ ಹಕ್ಕನ್ನು ಗಟ್ಟಿ ಮಾಡಿದೆ. ಪೀಠಿಕೆಯ ವಾಕ್ಯ ಒಕ್ಕೂಟಕ್ಕೆ ಹೇಳಿದ ಎರಡನೆಯ ಕೆಲಸಕ್ಕೆ ಅದರಲ್ಲಿ ಒಬ್ಬ ಕಾವಲುಗಾರನೂ ಹೆಚ್ಚಾಗಿಲ್ಲ.